ಕಾರ್ಟ್ರಿಡ್ಜ್ ರೀಲೋಡ್ ಮಾಡಿ ಮದ್ದುಗುಂಡಿನ ಖರ್ಚು ಉಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗುರಿ ಹೊಡೆಯುವ ಅಭ್ಯಾಸ ಶುರು ಮಾಡಿದವರಿಗೆಲ್ಲ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಕೋವಿಗೆ ಒಂದೇ ಸಲ ದುಡ್ಡು ಕೊಟ್ಟರೆ ಮುಗಿಯಿತು, ಗುಂಡಿಗೆ ಮಾತ್ರ ಕೊಡುತ್ತಲೇ ಇರಬೇಕು. ಆಗ ರೀಲೋಡಿಂಗ್ ಮಾತು ಬರುತ್ತದೆ, ಜೊತೆಗೆ ಸಾಲು ಸಾಲು ಪ್ರಶ್ನೆಗಳೂ ಬರುತ್ತವೆ. ಹೊಸಬರು ಹೆಚ್ಚಾಗಿ ಕೇಳುವವಕ್ಕೆ ಇಲ್ಲಿ ಉತ್ತರ ಇದೆ. ಇದು ದುಡ್ಡಿನ ಲೆಕ್ಕ, ಜೊತೆಗೆ ಆ ಲೆಕ್ಕ ಕೈಗೆ ಕಣ್ಣಿಗೆ ಅಪಾಯ ತರದ ಹಾಗೆ ನೋಡಿಕೊಳ್ಳುವ ಮಾತು. ಎಷ್ಟು ಮದ್ದು ಹಾಕಬೇಕು ಅನ್ನುವ ಅಳತೆ ಇಲ್ಲಿ ಸಿಗುವುದಿಲ್ಲ. ಅದನ್ನು ಪೌಡರ್ ತಯಾರಿಸುವ ಕಂಪನಿ ಅಚ್ಚು ಹಾಕಿಸಿದ ಕೈಪಿಡಿಯಿಂದ ಮಾತ್ರ ತೆಗೆದುಕೊಳ್ಳಬೇಕು.

ರೀಲೋಡಿಂಗ್ ಅಂದರೆ ಏನು?

ಒಂದು ಕಾರ್ಟ್ರಿಡ್ಜ್‌ನಲ್ಲಿ ನಾಲ್ಕು ಭಾಗ ಇರುತ್ತವೆ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗಿನ ಪೌಡರ್, ತುದಿಯ ಬುಲೆಟ್. ಕುದುರೆ ಎಳೆದಾಗ ಪ್ರೈಮರ್ ಸಿಡಿಯುತ್ತದೆ, ಪೌಡರ್ ಉರಿಯುತ್ತದೆ, ಬುಲೆಟ್ ಹಾರಿಹೋಗುತ್ತದೆ. ಕೇಸ್ ಮಾತ್ರ ಹಾಗೇ ಉಳಿಯುತ್ತದೆ. ಸ್ವಲ್ಪ ಉಬ್ಬಿರುತ್ತದೆ, ಕಪ್ಪಾಗಿರುತ್ತದೆ, ಅಷ್ಟೇ. ಅದನ್ನು ತೊಳೆದು, ಡೈ ಅನ್ನುವ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್, ಹೊಸ ಪೌಡರ್, ಹೊಸ ಬುಲೆಟ್ ಕೂರಿಸಿದರೆ ಮತ್ತೆ ಹೊಡೆಯಬಹುದಾದ ಗುಂಡು ಸಿದ್ಧ.

ಇದು ಇವತ್ತಿನ ಹವ್ಯಾಸ ಅಲ್ಲ. 19ನೇ ಶತಮಾನದ ಕೊನೆಯಲ್ಲೇ, ಇಕ್ಕಳದ ಹಾಗೆ ಕೈಯಲ್ಲಿ ಹಿಡಿದು ಒತ್ತುವ ಸಲಕರಣೆಗಳು ಮಾರಾಟಕ್ಕೆ ಬಂದಿದ್ದವು. ಅಂಗಡಿಯಿಂದ ದೂರ ಇದ್ದ ಬೇಟೆಗಾರರು ಅದರಲ್ಲೇ ತಮ್ಮ ಗುಂಡು ತಾವೇ ತುಂಬಿಕೊಳ್ಳುತ್ತಿದ್ದರು.

ಇದಕ್ಕೆ ಲೈಸೆನ್ಸ್ ಬೇಕಾ?

ಎಲ್ಲಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ದೇಶಗಳಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಯಾವ ತಡೆಯೂ ಇಲ್ಲ, ಆದರೆ ಮಾರಲು ಪರವಾನಗಿ ಬೇಕು. ಕೆಲವು ಕಡೆ ಪೌಡರ್ ಮತ್ತು ಪ್ರೈಮರ್ ಕೊಳ್ಳುವುದಕ್ಕೇ ಬೇರೆ ಅನುಮತಿ ಪತ್ರ ಬೇಕು. ಇನ್ನು ಕೆಲವು ಕಡೆ ಇದನ್ನು ಮದ್ದುಗುಂಡು ತಯಾರಿಕೆ ಎಂದೇ ಲೆಕ್ಕ ಹಾಕುತ್ತಾರೆ. ಅಲ್ಲಿ ಅನುಮತಿ ಇಲ್ಲದೆ ಮಾಡಿದರೆ ಅದು ದೊಡ್ಡ ಅಪರಾಧ. ಹಾಗಾಗಿ ಪ್ರೆಸ್, ಅಂದರೆ ಡೈ ಕೂರಿಸಿ ಕೇಸನ್ನು ಒತ್ತುವ ಯಂತ್ರ, ಕೊಳ್ಳುವ ಮೊದಲು ಲೈಸೆನ್ಸ್ ಕೊಡುವ ಕಚೇರಿಯಲ್ಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಕ್ಲಬ್ಬಿನಲ್ಲಿ ಯಾರೋ ಹೇಳಿದರು ಅನ್ನುವುದು ಸಾಲದು. ಒಂದು ಗುಂಡಿನ ಮೇಲೆ ಉಳಿಯುವ ಪುಡಿಗಾಸಿಗೆ ಕೋವಿಯ ಲೈಸೆನ್ಸೇ ಹೋದರೆ ಏನು ಬಂತು?

ದುಡ್ಡು ನಿಜವಾಗಿ ಉಳಿಯುವುದು ಎಲ್ಲಿ?

ಕೇಸಿನಲ್ಲಿ. ಈ ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹೊಸ ಕಾರ್ಟ್ರಿಡ್ಜ್‌ನ ನಾಲ್ಕು ಭಾಗಗಳಲ್ಲಿ ಸಾಮಾನ್ಯವಾಗಿ ಅತಿ ದುಬಾರಿ ಕೇಸೇ. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಸೇರಿಸಿದ ಹಿತ್ತಾಳೆಯನ್ನು ಹಂತ ಹಂತವಾಗಿ ಎಳೆದು, ನಡುನಡುವೆ ಕಾಯಿಸಿ, ಮತ್ತೆ ಎಳೆದು ಮಾಡಿದ ವಸ್ತು ಅದು. ಕಾರ್ಖಾನೆಯ ಗುಂಡು ಕೊಂಡು ಹೊಡೆದು, ಕೇಸನ್ನು ನೆಲದ ಮೇಲೆ ಬಿಟ್ಟು ಬಂದರೆ, ಆ ಗುಂಡಿನ ಬೆಲೆಯ ದೊಡ್ಡ ಪಾಲನ್ನು ಅಲ್ಲೇ ಬಿಟ್ಟು ಬಂದ ಹಾಗೆ.

ಲೆಕ್ಕ ಹೀಗೆ ಮಾಡಿ. ಕೇಸಿನ ಬೆಲೆಯನ್ನು ಅದನ್ನು ಎಷ್ಟು ಸಲ ಬಳಸುತ್ತೀರೋ ಅಷ್ಟರಿಂದ ಭಾಗಿಸಿ. ಅದಕ್ಕೆ ಒಂದು ಪ್ರೈಮರ್, ಒಂದು ಬುಲೆಟ್, ಒಂದು ಅಳತೆ ಪೌಡರ್ ಇವುಗಳ ಬೆಲೆ ಸೇರಿಸಿ. ಪೌಡರ್ ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ, ಅದರಲ್ಲಿ 7000 ಗ್ರೇನ್. ಒಂದು ಗುಂಡಿಗೆ 5 ಗ್ರೇನ್ ಬೇಕಾಗುವ ಪಿಸ್ತೂಲಿಗೆ ಒಂದು ಪೌಂಡ್ ಡಬ್ಬದಲ್ಲಿ 1400 ಗುಂಡು ಆಗುತ್ತವೆ. 45 ಗ್ರೇನ್ ಬೇಕಾಗುವ ರೈಫಲ್‌ಗೆ ಅದೇ ಡಬ್ಬ 155 ಗುಂಡಿಗೆ ಮುಗಿಯುತ್ತದೆ. ಈ ಸಂಖ್ಯೆಗಳು ಬರೀ ಗಣಿತಕ್ಕೆ, ತುಂಬುವ ಅಳತೆ ಅಂತ ತಿಳಿಯಬೇಡಿ. ಆದರೆ ಖರ್ಚು ಎಲ್ಲಿ ಕೂತಿದೆ ಅನ್ನುವುದು ಇದರಲ್ಲಿ ಕಾಣುತ್ತದೆ. ಪಿಸ್ತೂಲಿನಲ್ಲಿ ಪೌಡರ್ ಖರ್ಚು ಲೆಕ್ಕಕ್ಕೇ ಬರುವುದಿಲ್ಲ, ಬುಲೆಟ್ ಮತ್ತು ಪ್ರೈಮರ್‌ದೇ ಭಾರ. ರೈಫಲ್‌ನಲ್ಲಿ ಪೌಡರ್ ಕೂಡ ಕಚ್ಚುತ್ತದೆ.

ಯಾವ ಕ್ಯಾಲಿಬರ್‌ಗೆ ಲಾಭ ಜಾಸ್ತಿ?

ಕ್ಯಾಲಿಬರ್ ಅಂದರೆ ಗುಂಡಿನ ಅಳತೆ. ಕಾರ್ಖಾನೆಯ ಗುಂಡು ದುಬಾರಿ ಇದ್ದಷ್ಟೂ ನಿಮ್ಮ ಉಳಿತಾಯ ಜಾಸ್ತಿ. 9 ಎಂಎಂ ಗುಂಡನ್ನು ಕಾರ್ಖಾನೆಗಳು ರಾಶಿ ರಾಶಿ ತಯಾರಿಸುತ್ತವೆ, ಹಾಗಾಗಿ ಅದು ಮೊದಲೇ ಅಗ್ಗ. ಅಲ್ಲಿ ಉಳಿಯುವುದು ಅಲ್ಪ. ತಿಂಗಳಿಗೆ ಸಾವಿರಗಟ್ಟಲೆ ಹೊಡೆಯುವ ಸ್ಪರ್ಧಿಗೆ ಲಾಭ ಇರಬಹುದು, ವಾರಕ್ಕೊಮ್ಮೆ ಒಂದು ಪೆಟ್ಟಿಗೆ ಹೊಡೆಯುವವರು ಬರೀ ದುಡ್ಡಿಗಾಗಿ ಇದಕ್ಕೆ ಕೈ ಹಾಕುವುದು ಬೇಡ.

.38 ಸ್ಪೆಷಲ್, .357 ಮ್ಯಾಗ್ನಮ್, .44 ಮ್ಯಾಗ್ನಮ್, .45 ಕೋಲ್ಟ್ ಮುಂತಾದ ರಿವಾಲ್ವರ್ ಗುಂಡುಗಳಲ್ಲಿ ಉಳಿತಾಯ ಚೆನ್ನಾಗಿದೆ. ರಿವಾಲ್ವರ್ ತನ್ನ ಖಾಲಿ ಕೇಸನ್ನು ಎಲ್ಲೋ ಎಸೆಯುವುದಿಲ್ಲ, ನಿಮ್ಮ ಅಂಗೈಗೇ ಬೀಳಿಸುತ್ತದೆ. ಒಂದೂ ಕಳೆಯುವುದಿಲ್ಲ. ದೊಡ್ಡ ಮ್ಯಾಗ್ನಮ್ ರೈಫಲ್‌ಗಳು, ಈಗ ಯಾರೂ ಹೆಚ್ಚಾಗಿ ತಯಾರಿಸದ ಹಳೆಯ ಕ್ಯಾಲಿಬರ್‌ಗಳು, ಇವುಗಳಲ್ಲಂತೂ ಕೆಲವೊಮ್ಮೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಹಳೆಯ ಕೋವಿ ಇಟ್ಟುಕೊಂಡವರಿಗೆ ಇದು ಬರೀ ಉಳಿತಾಯವೂ ಅಲ್ಲ. ರೀಲೋಡ್ ಮಾಡದಿದ್ದರೆ ಆ ಕೋವಿ ಗೋಡೆಗೇ ಸೇರುತ್ತದೆ.

ಶಾಟ್‌ಗನ್ ವಿಷಯ ಬೇರೆ. ಅದರ ನಳಿಗೆಯ ಅಳತೆಯನ್ನು ಗೇಜ್ ಅನ್ನುತ್ತಾರೆ. 12 ಗೇಜ್‌ನ ಸಾಧಾರಣ ಗುರಿ ತೋಟಾಗಳು ಅಗ್ಗವಾಗಿಯೇ ಸಿಗುತ್ತವೆ, ಅದರಲ್ಲಿ ಉಳಿಸಲು ಏನೂ ಇಲ್ಲ. 28 ಗೇಜ್ ಮತ್ತು .410 ತೋಟಾಗಳು ಚಿಕ್ಕವಾದರೂ ದುಬಾರಿ. ಅವುಗಳಲ್ಲಿ ರೀಲೋಡಿಂಗ್ ಅರ್ಥಪೂರ್ಣ.

.22 ಗುಂಡನ್ನು ರೀಲೋಡ್ ಮಾಡಬಹುದಾ?

ಬೇಡ. .22 ರಿಮ್‌ಫೈರ್ ಗುಂಡಿಗೆ ಬೇರೆ ಪ್ರೈಮರ್ ಇಲ್ಲ. ಸಿಡಿಮದ್ದು ಕೇಸಿನ ಅಂಚಿನ ಮಡಿಕೆಯೊಳಗೇ ಇರುತ್ತದೆ, ಪಿನ್ ಬಡಿದಾಗ ಆ ಅಂಚು ಜಜ್ಜಿಹೋಗುತ್ತದೆ. ಅದರ ಕಥೆ ಅಲ್ಲಿಗೆ ಮುಗಿಯಿತು. ಆದರೆ ಆ ಖಾಲಿ ಕೇಸ್ ಕೂಡ ಒಂದು ಕಾಲದಲ್ಲಿ ಉಪಯೋಗಕ್ಕೆ ಬಂದಿತ್ತು. ಎರಡನೇ ಮಹಾಯುದ್ಧದ ಸಮಯದಲ್ಲಿ ಬುಲೆಟ್ ಸಿಗದೆ ಇದ್ದಾಗ, ಅಮೆರಿಕದ ಫ್ರೆಡ್ ಹಂಟಿಂಗ್‌ಟನ್ ಅವರು ಖಾಲಿ .22 ಕೇಸುಗಳನ್ನೇ ಒತ್ತಿ ಬುಲೆಟ್ಟಿನ ಹೊರಕವಚ ಮಾಡುವ ಡೈ ತಯಾರಿಸಿದರು. 1943ರಲ್ಲಿ ಹೀಗೆ ಶುರುವಾದ ಕೆಲಸವೇ ಆರ್‌ಸಿಬಿಎಸ್ ಕಂಪನಿ. ಇವತ್ತಿಗೂ ಎಷ್ಟೋ ಮನೆಗಳ ಮೇಜಿನ ಮೇಲೆ ಅವರ ಹಸಿರು ಪ್ರೆಸ್ ಇದೆ.

ಸಲಕರಣೆಗೆ ಹಾಕಿದ ದುಡ್ಡು ಯಾವಾಗ ವಾಪಸ್ ಬರುತ್ತದೆ?

ಸಲಕರಣೆಯ ಒಟ್ಟು ಬೆಲೆಯನ್ನು ಒಂದು ಗುಂಡಿನ ಮೇಲೆ ಉಳಿಯುವ ದುಡ್ಡಿನಿಂದ ಭಾಗಿಸಿ. ಅಷ್ಟು ಗುಂಡು ತುಂಬಿದ ಮೇಲೆ ಲಾಭ ಶುರು.

ಒಂದು ಉದಾಹರಣೆ ನೋಡಿ. ಪ್ರೆಸ್, ಡೈ, ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್ ಎಲ್ಲ ಸೇರಿ ಕಾರ್ಖಾನೆಯ 1000 ಗುಂಡಿನ ಬೆಲೆ ಆಯಿತು ಅಂದುಕೊಳ್ಳಿ. ನೀವು ತುಂಬಿದ ಗುಂಡಿಗೆ ಕಾರ್ಖಾನೆ ಬೆಲೆಯ ನೂರಕ್ಕೆ 60 ಬೀಳುತ್ತದೆ ಅನ್ನೋಣ. ಅಂದರೆ ಪ್ರತಿ ಗುಂಡಿಗೆ 40 ಪಾಲು ಉಳಿತಾಯ. 2500 ಗುಂಡು ತುಂಬಿದಾಗ ಬಂಡವಾಳ ವಾಪಸ್. ತಿಂಗಳಿಗೆ 300 ಹೊಡೆಯುವವರಿಗೆ ಇದು ಒಂಬತ್ತು ತಿಂಗಳ ಒಳಗಿನ ಮಾತು. ತಿಂಗಳಿಗೆ 50 ಹೊಡೆಯುವವರಿಗೆ ನಾಲ್ಕು ವರ್ಷ ದಾಟುತ್ತದೆ. ಕೊಳ್ಳುವ ಮೊದಲೇ ನಿಮ್ಮ ಸಂಖ್ಯೆ ಹಾಕಿ ನೋಡಿ. ತಿಂಗಳಿಗೆ ಎಷ್ಟು ಹೊಡೆಯಬೇಕು ಅಂತ ಆಸೆ ಇದೆಯೋ ಅದನ್ನಲ್ಲ, ಕಳೆದ ವರ್ಷ ನಿಜವಾಗಿ ಎಷ್ಟು ಹೊಡೆದಿರಿ ಅನ್ನುವುದನ್ನು ಹಾಕಿ.

ಮೊದಲ ಪ್ರೆಸ್ ಯಾವುದು ತೆಗೆದುಕೊಳ್ಳಲಿ?

ಸಿಂಗಲ್ ಸ್ಟೇಜ್. ಅಂದರೆ ಒಂದು ಸಲಕ್ಕೆ ಒಂದೇ ಡೈ ಕೂರುವ, ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್. ನಿಧಾನ ನಿಜ, ಗಂಟೆಗೆ 50ರಿಂದ 100 ಗುಂಡು ಆದರೆ ಹೆಚ್ಚು. ಆದರೆ ಪ್ರತಿ ಹಂತವೂ ಕಣ್ಣಿಗೆ ಕಾಣುತ್ತದೆ, ತಪ್ಪು ಆದಲ್ಲೇ ಸಿಕ್ಕಿಬೀಳುತ್ತದೆ. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಒಂದು ಎಳೆತಕ್ಕೆ ನಾಲ್ಕೈದು ಕೆಲಸ ಒಟ್ಟಿಗೆ ನಡೆಯುತ್ತವೆ. ಗಂಟೆಗೆ ನೂರಾರು ಗುಂಡು ಬೀಳುತ್ತವೆ, ಗಮನ ತಪ್ಪಿದರೆ ತಪ್ಪುಗಳೂ ಅದೇ ವೇಗದಲ್ಲಿ ಬೀಳುತ್ತವೆ.

ಪ್ರೆಸ್ ಹಳೆಯದು ಸಿಕ್ಕರೆ ಸಂತೋಷವಾಗಿ ತೆಗೆದುಕೊಳ್ಳಿ. ಎರಕದ ಕಬ್ಬಿಣದ ಪ್ರೆಸ್ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ತಕ್ಕಡಿಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಜೊತೆಗೆ ತೂಕ ಸರಿ ಇದೆಯೇ ಎಂದು ನೋಡುವ ಪರೀಕ್ಷಾ ಬಟ್ಟುಗಳನ್ನೂ ಇಟ್ಟುಕೊಳ್ಳಿ. ನೇರ ಗೋಡೆಯ ಪಿಸ್ತೂಲ್ ಕೇಸುಗಳಿಗೆ ಕಾರ್ಬೈಡ್ ಡೈ ಕೊಂಡರೆ ಎಣ್ಣೆ ಹಚ್ಚುವ ಕೆಲಸ ತಪ್ಪುತ್ತದೆ. ಬಾಟಲಿ ಕುತ್ತಿಗೆಯ ರೈಫಲ್ ಕೇಸಿಗೆ ಎಣ್ಣೆ ಹಚ್ಚಲೇಬೇಕು, ಇಲ್ಲದಿದ್ದರೆ ಅದು ಡೈಯೊಳಗೆ ಕಚ್ಚಿಕೊಂಡು ಕೂರುತ್ತದೆ.

ರೇಂಜ್‌ನಲ್ಲಿ ಬಿದ್ದಿರುವ ಕೇಸ್ ಆಯ್ದುಕೊಳ್ಳಬಹುದಾ?

ರೇಂಜ್, ಅಂದರೆ ಗುರಿ ಹೊಡೆಯುವ ಜಾಗದವರು ಒಪ್ಪಿದರೆ ಆಯ್ದುಕೊಳ್ಳಿ. ಇದಕ್ಕಿಂತ ಅಗ್ಗದ ಹಿತ್ತಾಳೆ ಎಲ್ಲೂ ಸಿಗದು. ಆದರೆ ಮನೆಗೆ ತಂದ ಮೇಲೆ ಒಂದೊಂದನ್ನೂ ನೋಡಿ ವಿಂಗಡಿಸಬೇಕು.

ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡವು ಉಕ್ಕಿನವು, ಪಕ್ಕಕ್ಕೆ ಹಾಕಿ. ಬೂದು ಬಣ್ಣದ ಹಗುರ ಅಲ್ಯೂಮಿನಿಯಂ ಕೇಸುಗಳೂ ಬೇಡ. ಆಮೇಲೆ ಟಾರ್ಚ್ ಹಿಡಿದು ಒಳಗಿನ ತಳ ನೋಡಿ. ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಪ್ರೈಮರ್‌ನ ಕೇಸ್, ಇದು ಸುಲಭ. ಡೈಯೊಳಗಿನ ಸೂಜಿ ಆ ತೂತಿನಿಂದಲೇ ಹಳೆಯ ಪ್ರೈಮರನ್ನು ಹೊರಗೆ ತಳ್ಳುತ್ತದೆ. ಎರಡು ಸಣ್ಣ ತೂತು ಕಂಡರೆ ಬರ್ಡಾನ್ ಮಾದರಿ, ಸೂಜಿ ಮುರಿಯುತ್ತದೆ, ಬಿಟ್ಟುಬಿಡಿ. ಎರಡೂ ಮಾದರಿಗೆ ಪೇಟೆಂಟ್ ಆದದ್ದು 1866ರಲ್ಲೇ. ಎಡ್ವರ್ಡ್ ಬಾಕ್ಸರ್ ಇಂಗ್ಲೆಂಡಿನವರು, ಹೈರಮ್ ಬರ್ಡಾನ್ ಅಮೆರಿಕದವರು. ಕೊನೆಗೆ ಅಮೆರಿಕ ಬಾಕ್ಸರ್ ಮಾದರಿ ಹಿಡಿಯಿತು, ಯುರೋಪಿನ ಸೇನೆಗಳು ಹೆಚ್ಚಾಗಿ ಬರ್ಡಾನ್ ಮಾದರಿ ಹಿಡಿದವು.

ಸೇನೆಯ 5.56 ಮತ್ತು 7.62 ಕೇಸುಗಳಲ್ಲಿ ಪ್ರೈಮರ್ ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಆ ಒತ್ತನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಬಲ ಹಾಕಿ ತುರುಕಿದರೆ ಅದು ಪ್ರೆಸ್‌ನಲ್ಲೇ ಸಿಡಿಯಬಹುದು. ಇದಕ್ಕೆ ಬೇರೆ ಉಪಕರಣ ಇದೆ. ಕೇಸ್ ಪುಕ್ಕಟೆ ಸಿಕ್ಕಿದರೂ ಈ ಕೆಲಸದ ಸಮಯ ಲೆಕ್ಕದಲ್ಲಿರಲಿ.

ಒಂದು ಕೇಸ್ ಎಷ್ಟು ಸಲ ಬರುತ್ತದೆ?

ಒತ್ತಡವೇ ಇದನ್ನು ತೀರ್ಮಾನಿಸುತ್ತದೆ. ಕೋವಿ ಮತ್ತು ಗುಂಡಿನ ಅಳತೆ ನಿಗದಿ ಮಾಡುವ ಅಮೆರಿಕದ ಸ್ಯಾಮಿ ಸಂಸ್ಥೆಯ ಮಿತಿ ಪ್ರಕಾರ .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ), .45 ಎಸಿಪಿಗೆ 21,000, 9 ಎಂಎಂಗೆ 35,000. .223 ರೆಮಿಂಗ್‌ಟನ್‌ಗೆ 55,000, .308 ವಿಂಚೆಸ್ಟರ್‌ಗೆ 62,000. ಮೊದಲಿನ ಎರಡರ ಕೇಸುಗಳು ಹತ್ತಾರು ಸಲ ಬರುತ್ತವೆ. .45 ಎಸಿಪಿ ಕೇಸ್ ಹಾಳಾಗುವ ಮೊದಲು ಹುಲ್ಲಿನಲ್ಲಿ ಕಳೆದುಹೋಗುವುದೇ ಹೆಚ್ಚು. ರೈಫಲ್ ಕೇಸುಗಳು ಐದಾರು ಸಲಕ್ಕೆ ದಣಿಯಬಹುದು, ಚೆನ್ನಾಗಿ ನೋಡಿಕೊಂಡರೆ ಹತ್ತು ಸಲವೂ ಬರಬಹುದು.

ಹಿತ್ತಾಳೆಗೆ ಒಂದು ಗುಣ ಇದೆ. ಪ್ರತಿ ಸಲ ಹಿಗ್ಗಿ ಕುಗ್ಗಿದಾಗ ಅದು ಗಡುಸಾಗುತ್ತಾ ಹೋಗುತ್ತದೆ, ಕೊನೆಗೆ ಕುತ್ತಿಗೆಯಲ್ಲಿ ಬಿರುಕು ಬಿಡುತ್ತದೆ. ಕುತ್ತಿಗೆ ಮತ್ತು ಅದರ ಕೆಳಗಿನ ಇಳಿಜಾರು ಭುಜವನ್ನು ಮಾತ್ರ ಹದವಾಗಿ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಬುಡಕ್ಕೆ ಮಾತ್ರ ಶಾಖ ಮುಟ್ಟಲೇಬಾರದು. ಅದು ಮೆತ್ತಗಾದರೆ ಒತ್ತಡ ತಡೆಯುವ ಶಕ್ತಿಯೇ ಹೋಗುತ್ತದೆ.

ರೈಫಲ್ ಕೇಸ್ ಪ್ರತಿ ಸಲವೂ ಸ್ವಲ್ಪ ಉದ್ದ ಬೆಳೆಯುತ್ತದೆ. .308ರ ಗರಿಷ್ಠ ಉದ್ದ 2.015 ಇಂಚು. ಅದನ್ನು ಮೀರಿದರೆ ಕತ್ತರಿಸಿ 2.005ಕ್ಕೆ ತರುತ್ತಾರೆ. ಹಾಗೆ ಮುಂದಕ್ಕೆ ಹರಿದ ಹಿತ್ತಾಳೆ ಬರುವುದು ಕೇಸಿನ ಕೆಳಭಾಗದಿಂದ. ಅಲ್ಲಿ ಗೋಡೆ ತೆಳುವಾಗುತ್ತಾ ಹೋಗಿ ಒಂದು ದಿನ ಚೇಂಬರಿನೊಳಗೇ, ಅಂದರೆ ಕೋವಿಯಲ್ಲಿ ಗುಂಡು ಕೂರುವ ಗೂಡಿನೊಳಗೇ, ಎರಡು ತುಂಡಾಗುತ್ತದೆ.

ಇದನ್ನು ಮೊದಲೇ ಕಂಡುಹಿಡಿಯಲು ಒಂದು ಪೇಪರ್ ಕ್ಲಿಪ್ ಸಾಕು. ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯ ಸ್ವಲ್ಪ ಭಾಗವನ್ನು ಅಡ್ಡಕ್ಕೆ ಬಗ್ಗಿಸಿ, ಆ ತುದಿಯನ್ನು ಚೂಪು ಮಾಡಿ. ಖಾಲಿ ಕೇಸಿನ ತಳದವರೆಗೆ ಇಳಿಸಿ, ಒಳಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಚೆನ್ನಾಗಿರುವ ಕೇಸಿನಲ್ಲಿ ತುದಿ ನುಣ್ಣಗೆ ಜಾರುತ್ತದೆ. ತಳದಿಂದ ತುಸು ಮೇಲೆ ಸಣ್ಣ ಹಳ್ಳಕ್ಕೆ ಸಿಕ್ಕಿ ತಡೆದ ಹಾಗೆ ಬೆರಳಿಗೆ ಗೊತ್ತಾದರೆ, ಆ ಕೇಸ್ ಮುಗಿಯಿತು. ಹೊರಗಡೆ ಅದೇ ಜಾಗದಲ್ಲಿ ಸುತ್ತಲೂ ಹೊಳೆಯುವ ಗೆರೆ ಕಂಡರೂ ಅಷ್ಟೇ. ಅಂಥ ಕೇಸಿನ ಬಾಯನ್ನು ಇಕ್ಕಳದಲ್ಲಿ ಜಜ್ಜಿ ಗುಜರಿ ಡಬ್ಬಕ್ಕೆ ಹಾಕಿ. ಜಜ್ಜದೆ ಇಟ್ಟರೆ ಅದು ಹೇಗೋ ಮತ್ತೆ ಒಳ್ಳೆಯ ಕೇಸುಗಳ ಜೊತೆ ಸೇರಿಕೊಳ್ಳುತ್ತದೆ.

ಪ್ರತಿ 50 ಕೇಸನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟು, ಎಷ್ಟನೇ ಸಲ ಅಂತ ಮುಚ್ಚಳದ ಮೇಲೆ ಬರೆಯಿರಿ. ಬೇರೆ ಬೇರೆ ವಯಸ್ಸಿನ ಕೇಸುಗಳನ್ನು ಬೆರೆಸಬೇಡಿ.

ಪೌಡರ್ ಸ್ವಲ್ಪ ಕಡಿಮೆ ಹಾಕಿ ಇನ್ನಷ್ಟು ಉಳಿಸಬಹುದಾ? ಬೇರೆ ಪೌಡರ್ ಹಾಕಬಹುದಾ?

ಎರಡೂ ಬೇಡ. ಕೈಪಿಡಿಯಲ್ಲಿ ಕನಿಷ್ಠ ಮತ್ತು ಗರಿಷ್ಠ ಎರಡೂ ಅಳತೆ ಇರುತ್ತವೆ. ಗರಿಷ್ಠ ಮೀರಿದರೆ ಕೋವಿ ಒಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಕನಿಷ್ಠಕ್ಕಿಂತ ಕೆಳಗೆ ಇಳಿದರೂ ಅಪಾಯ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಒತ್ತಡ ಸಾಲದೆ ಬುಲೆಟ್ ನಳಿಗೆಯ ನಡುವೆಯೇ ನಿಂತುಬಿಡಬಹುದು. ಅದು ಗೊತ್ತಾಗದೆ ಮುಂದಿನ ಗುಂಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಹೊಡೆದಾಗ ಸದ್ದು ಮೆತ್ತಗೆ ಬಂದರೆ, ಒದೆತ ಕಡಿಮೆ ಅನ್ನಿಸಿದರೆ ಕೂಡಲೇ ನಿಲ್ಲಿಸಿ. ಕೋವಿಯ ಬಾಯಿ ಗುರಿಯ ಕಡೆಗೇ ಇರಲಿ, ತುಸು ಹೊತ್ತು ಬಿಟ್ಟು ಪೂರ್ತಿ ಖಾಲಿ ಮಾಡಿ, ನಳಿಗೆ ತೆರವಾಗಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಮಾತು.

ಪೌಡರ್‌ಗಳು ನೋಡಲು ಒಂದೇ ತರಹ ಇರುತ್ತವೆ, ಉರಿಯುವ ವೇಗದಲ್ಲಿ ಅಜಗಜಾಂತರ. ಹೆಸರು ಹತ್ತಿರ ಇದ್ದರೂ ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ ಇರಲಿ. ಕೆಲಸ ಮುಗಿದ ಕೂಡಲೇ ಅಳತೆಯಂತ್ರದಲ್ಲಿ ಉಳಿದ ಪೌಡರನ್ನು ಅದೇ ಡಬ್ಬಕ್ಕೆ ಹಾಕಿ ಮುಚ್ಚಿ. ಯಾವುದು ಅಂತ ಮರೆತುಹೋದ ಪೌಡರ್ ಎಷ್ಟೇ ದುಬಾರಿ ಆಗಿರಲಿ, ಅದನ್ನು ಬಳಸುವ ಹಾಗಿಲ್ಲ.

ನಿಜಕ್ಕೂ ಹೆದರಬೇಕಾದದ್ದು ಎರಡು ಪಾಲು ಬೀಳುವುದಕ್ಕೆ. ಪಿಸ್ತೂಲಿನ ವೇಗದ ಪೌಡರ್‌ಗಳು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಒಂದೇ ಕೇಸಿಗೆ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ಸುಮ್ನೆ ಒಳಗೆ ಕೂತಿರುತ್ತದೆ. ಅದಕ್ಕೇ ಬುಲೆಟ್ ಕೂರಿಸುವ ಮೊದಲು 50 ಕೇಸನ್ನೂ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ದೀಪ ಮೇಲಿನಿಂದ ಬೀಳುವ ಹಾಗೆ ಹಿಡಿದು, ಒಂದೊಂದರ ಒಳಗೂ ನೋಡಬೇಕು. ಪೌಡರ್ ಮಟ್ಟ ಎಲ್ಲದರಲ್ಲೂ ಒಂದೇ ಎತ್ತರದಲ್ಲಿ ಕಾಣಬೇಕು. ಒಂದು ಕಪ್ಪಗೆ ಆಳವಾಗಿ ಕಂಡರೆ ಅದು ಖಾಲಿ, ಒಂದು ಅಂಚಿನ ಹತ್ತಿರ ಬಂದಿದ್ದರೆ ಅದು ಎರಡು ಪಾಲು. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಸಾಧ್ಯವಾದರೆ ಕೇಸಿನ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುವ ದಪ್ಪ ಪೌಡರನ್ನೇ ಆರಿಸಿ. ಎರಡು ಪಾಲು ಬಿದ್ದರೆ ಅದು ಉಕ್ಕಿ ಚೆಲ್ಲಿ ತಾನೇ ಹೇಳುತ್ತದೆ. ಗುಂಡಿಗೆ ಅರ್ಧ ಕಾಸು ಜಾಸ್ತಿ ಆದರೂ ನಾನು ಹೊಸಬರಿಗೆ ಇದನ್ನೇ ಹೇಳುತ್ತೇನೆ.

ಬುಲೆಟ್ಟನ್ನು ನಾನೇ ಎರಕ ಹೊಯ್ದರೆ?

ಪಿಸ್ತೂಲ್ ಮತ್ತು ರಿವಾಲ್ವರ್‌ಗೆ ಇದು ಅತಿ ದೊಡ್ಡ ಉಳಿತಾಯ. ಯಾಕೆಂದರೆ ಅಲ್ಲಿ ಬುಲೆಟ್ಟೇ ಹೆಚ್ಚಿನ ಖರ್ಚು. ಹಳೆಯ ಸೀಸ ಸಿಗುವ ದಾರಿ ಇದ್ದರೆ ಬುಲೆಟ್ಟಿಗೆ ಬೀಳುವುದು ಇಂಧನ ಮತ್ತು ಸಮಯ ಮಾತ್ರ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಒಮ್ಮೆಲೇ ಹಬೆಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಕನ್ನಡಕ, ದಪ್ಪ ಕೈಗವಸು, ಗಾಳಿಯಾಡುವ ಜಾಗ ಬೇಕೇ ಬೇಕು. ಅಡುಗೆಯ ಪಾತ್ರೆ, ಅಡುಗೆಯ ಒಲೆ ಬಳಸಲೇಬೇಡಿ. ಹಳೆಯ ವಾಹನ ಬ್ಯಾಟರಿಯ ಸೀಸಕ್ಕೆ ಕೈ ಹಾಕಬೇಡಿ. ಅದರಿಂದ ವಿಷದ ಅನಿಲ ಬರಬಹುದು.

ಇನ್ನೊಂದು ವಿಷಯ. ಕೆಲವು ಪಿಸ್ತೂಲುಗಳ ನಳಿಗೆಗೆ ಬರೀ ಸೀಸದ ಬುಲೆಟ್ ಬೇಡ ಎಂದು ತಯಾರಕರೇ ಹೇಳುತ್ತಾರೆ. ಗ್ಲಾಕ್ ಕಂಪನಿಯ ಪಿಸ್ತೂಲು ಅದರಲ್ಲಿ ಒಂದು. ಕೋವಿಯ ಕೈಪಿಡಿ ಓದಿ ಮುಂದುವರಿಯಿರಿ.

ನಾನು ತುಂಬುವುದು ಬೇಡ, ರೀಲೋಡ್ ಆದ ಗುಂಡನ್ನೇ ಕೊಳ್ಳಬಹುದಾ?

ಕೊಳ್ಳಬಹುದು, ಪರವಾನಗಿ ಇರುವ ಕಾರ್ಖಾನೆಯಿಂದ ಮಾತ್ರ. ರೀಮ್ಯಾನುಫ್ಯಾಕ್ಚರ್ಡ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಬಳಸಿದ ಕೇಸಿನಲ್ಲಿ ಹೊಸ ಪ್ರೈಮರ್, ಪೌಡರ್, ಬುಲೆಟ್ ಹಾಕಿ ಯಂತ್ರದಲ್ಲಿ ತುಂಬಿದ ಗುಂಡು ಅದು. ಹೊಸದಕ್ಕಿಂತ ಅಗ್ಗ. ಸಲಕರಣೆಗೆ ದುಡ್ಡು ಹಾಕದೆ ಅಭ್ಯಾಸದ ಖರ್ಚು ಇಳಿಸುವ ದಾರಿ ಇದು. ತಿಂಗಳಿಗೆ ಐವತ್ತು ನೂರು ಹೊಡೆಯುವವರಿಗೆ ಪ್ರೆಸ್ ಕೊಳ್ಳುವುದಕ್ಕಿಂತ ಇದೇ ಸರಿ ಅಂತ ನನ್ನ ಅಭಿಪ್ರಾಯ. ಮೊದಲು ಒಂದೇ ಪೆಟ್ಟಿಗೆ ತಂದು ಪ್ರತಿ ಗುಂಡನ್ನೂ ನೋಡಿ. ಪ್ರೈಮರ್ ಬುಡಕ್ಕೆ ಸಮವಾಗಿ ಕೂತಿದೆಯಾ, ಬುಲೆಟ್ ಒಳಗೆ ಕುಸಿದಿದೆಯಾ, ಕುತ್ತಿಗೆ ಸೀಳಿದೆಯಾ ಎಂದು ಪರೀಕ್ಷಿಸಿ. ಖಾಲಿ ಕೇಸನ್ನು ಹೇಗೂ ವಾಪಸ್ ಕೊಟ್ಟು ರಿಯಾಯಿತಿ ಪಡೆಯುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ, ಕೇಳಿ ನೋಡಿ.

ಗೆಳೆಯ ತುಂಬಿಕೊಟ್ಟ ಗುಂಡು?

ಬೇಡ. ಎಷ್ಟೇ ಆಪ್ತರಾಗಿರಲಿ, ಎಷ್ಟೇ ವರ್ಷದ ಅನುಭವ ಇರಲಿ. ಅವರು ಅದನ್ನು ತಮ್ಮ ಕೋವಿಯ ಚೇಂಬರಿಗೆ ಹೊಂದಿಸಿ ತುಂಬಿರುತ್ತಾರೆ, ನಿಮ್ಮದಕ್ಕಲ್ಲ. ಗುರುತಿಲ್ಲದವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಗ್ಗಕ್ಕೆ ಕೊಡುವ ಗುಂಡಂತೂ ಮುಟ್ಟಲೇಬೇಡಿ.

ರೀಲೋಡ್ ಮಾಡಿದ ಗುಂಡು ಹೊಡೆದರೆ ಕೋವಿಯ ವಾರಂಟಿ ಹೋಗುತ್ತದಾ?

ಹೆಚ್ಚಿನ ತಯಾರಕರು ಹಾಗೆಂದು ಕೈಪಿಡಿಯಲ್ಲಿ ಬರೆದೇ ಇರುತ್ತಾರೆ. ಗುಂಡಿನ ತಪ್ಪಿನಿಂದ ಕೋವಿ ಒಡೆದರೆ ರಿಪೇರಿ ಖರ್ಚು ನಿಮ್ಮದೇ.

ಗುರಿ ಚೆನ್ನಾಗುತ್ತದಾ?

ರೈಫಲ್‌ನಲ್ಲಿ ಚೆನ್ನಾಗುವ ಸಾಧ್ಯತೆ ಹೆಚ್ಚು. ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆದು ತುಂಬುವ ರೈಫಲ್) ಇದ್ದವರು ಅದರ ಚೇಂಬರಿಗೇ ಹೊಂದಿಕೊಂಡ ಕೇಸಿನಲ್ಲಿ, ಅದರ ನಳಿಗೆಗೆ ಒಗ್ಗುವ ಬುಲೆಟ್ ಮತ್ತು ಅಳತೆ ಹುಡುಕಿಕೊಳ್ಳಬಹುದು. ಕಾರ್ಖಾನೆ ಎಲ್ಲ ಕೋವಿಗೂ ಆಗುವ ಹಾಗೆ ಮಾಡುತ್ತದೆ. ನೀವು ನಿಮ್ಮ ಒಂದಕ್ಕೆ ಮಾಡುತ್ತೀರಿ. ಅಂಗಡಿಯಲ್ಲಿ ಅತಿ ದುಬಾರಿ ಬೆಲೆಗೆ ಸಿಗುವ ಸ್ಪರ್ಧೆಯ ಗುಂಡಿನ ಗುಣಮಟ್ಟ ಸಾಧಾರಣ ಗುಂಡಿನ ಬೆಲೆಗೆ ಸಿಕ್ಕಿದರೆ ಅದೂ ಉಳಿತಾಯವೇ ಅಲ್ವಾ? ದೂರದ ಗುರಿ ಹೊಡೆಯುವವರು ರೀಲೋಡಿಂಗ್‌ಗೆ ಬರುವುದು ಹೆಚ್ಚಾಗಿ ಇದಕ್ಕೇ.

ಪ್ರೈಮರ್, ಪೌಡರ್ ಜಾಸ್ತಿ ಕೊಂಡಿಟ್ಟರೆ ಅಗ್ಗ ಬೀಳುತ್ತದಾ?

ಬೀಳುತ್ತದೆ. ಪ್ರೈಮರ್ 100ರ ತಟ್ಟೆಯಲ್ಲಿ, 1000ದ ಪೆಟ್ಟಿಗೆಯಲ್ಲಿ ಬರುತ್ತದೆ. ದೊಡ್ಡ ಪೆಟ್ಟಿಗೆಗೆ ಪ್ರತಿಯೊಂದರ ಬೆಲೆ ಕಡಿಮೆ. 2020ರಿಂದ ಒಂದೆರಡು ವರ್ಷ ಅಮೆರಿಕದಂಥ ದೊಡ್ಡ ಮಾರುಕಟ್ಟೆಯಲ್ಲೇ ಪ್ರೈಮರ್ ಸಿಗದೆ ಬೆಲೆ ಹಲವು ಪಟ್ಟು ಏರಿತ್ತು. ಮೊದಲೇ ಕೊಂಡಿಟ್ಟವರು ಆಗ ನಿಶ್ಚಿಂತೆಯಿಂದ ಹೊಡೆದರು. ಆದರೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಕಾನೂನಿನ ಮಿತಿ ಇರುತ್ತದೆ, ಅದನ್ನು ದಾಟಬೇಡಿ. ಪೌಡರನ್ನು ಮೊದಲು ಒಂದು ಸಣ್ಣ ಡಬ್ಬ ತಂದು, ನಿಮ್ಮ ಕೋವಿಗೆ ಒಗ್ಗಿದರೆ ಮಾತ್ರ ದೊಡ್ಡದು ತನ್ನಿ.

ಎರಡನ್ನೂ ಅವು ಬಂದ ಡಬ್ಬ, ಪೆಟ್ಟಿಗೆಯಲ್ಲೇ ಇಡಬೇಕು. ಪ್ರೈಮರ್‌ಗಳನ್ನು ಗಾಜಿನ ಜಾಡಿಗೆ ಸುರಿದಿಟ್ಟರೆ ಅದು ಬಾಂಬಿಗೆ ಸಮ, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ತಂಪಾದ, ಒಣಗಿದ, ಬೀಗ ಹಾಕುವ ಜಾಗ ಬೇಕು, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ. ಪೌಡರ್ ಡಬ್ಬ ತೆರೆದಾಗ ಹುಳಿ ವಾಸನೆ ಬಂದರೆ, ತುಕ್ಕಿನ ಬಣ್ಣದ ಪುಡಿ ಕಂಡರೆ ಅದು ಕೆಟ್ಟಿದೆ.

ಮನೆಯಲ್ಲಿ ಮಾಡಿದರೆ ಆರೋಗ್ಯಕ್ಕೆ ತೊಂದರೆ ಇದೆಯಾ?

ಇದೆ, ಸೀಸದಿಂದ. ಸಾಮಾನ್ಯ ಪ್ರೈಮರ್‌ನಲ್ಲಿ ಲೆಡ್ ಸ್ಟಿಫ್ನೇಟ್ ಅನ್ನುವ ಸೀಸದ ಸಿಡಿಮದ್ದು ಇರುತ್ತದೆ. ಅದು ಸಿಡಿದ ಮೇಲೆ ಸೀಸದ ಪುಡಿ ಕೇಸಿನೊಳಗೆ ಉಳಿಯುತ್ತದೆ. ಒಣ ಹೊಟ್ಟಿನಲ್ಲಿ ಕೇಸ್ ಉರುಳಿಸಿ ತೊಳೆಯುವವರು ಆ ಹೊಟ್ಟನ್ನು ಜರಡಿ ಹಿಡಿಯುವಾಗ ಏಳುವ ದೂಳೇ ಅತಿ ಕೆಟ್ಟದ್ದು. ನೀರಿನಲ್ಲಿ ಉಕ್ಕಿನ ಕಡ್ಡಿಗಳ ಜೊತೆ ತೊಳೆದರೆ ದೂಳು ಏಳುವುದಿಲ್ಲ, ಆ ನೀರನ್ನು ಮಾತ್ರ ಜೋಪಾನವಾಗಿ ವಿಲೇವಾರಿ ಮಾಡಬೇಕು. ಕೆಲಸ ಮಾಡುವಾಗ ಊಟ, ತಿಂಡಿ, ಸಿಗರೇಟು ಬೇಡ. ಮುಗಿಸಿದ ಮೇಲೆ ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಿರಿ. ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು ಇದ್ದರೆ ಈ ಕೆಲಸ ಮನೆಯ ಒಳಗೆ ಬೇಡವೇ ಬೇಡ. ಹೆಚ್ಚು ಹೊಡೆಯುವವರು ವರ್ಷಕ್ಕೊಮ್ಮೆ ರಕ್ತದಲ್ಲಿನ ಸೀಸ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ತಿಂಗಳ ಖರ್ಚು ಇಳಿಯುತ್ತದಾ?

ಒಂದು ಗುಂಡಿನ ಖರ್ಚು ಇಳಿಯುತ್ತದೆ. ತಿಂಗಳ ಖರ್ಚು ಇಳಿಯುವುದು ಅಪರೂಪ, ಯಾಕೆಂದರೆ ಅದೇ ದುಡ್ಡಿಗೆ ಎಲ್ಲರೂ ಜಾಸ್ತಿ ಹೊಡೆಯುತ್ತಾರೆ. ಇದನ್ನು ನಷ್ಟ ಅನ್ನಲಾರೆ. ನೂರು ಹೊಡೆಯುವ ಕಡೆ ನೂರೈವತ್ತು ಹೊಡೆದರೆ ಕೈ ಪಳಗುತ್ತದೆ. ಆದರೆ ಜೇಬಿಗೆ ದುಡ್ಡು ಬರಲೇಬೇಕು ಅನ್ನುವವರು ಗುಂಡಿನ ಸಂಖ್ಯೆಯನ್ನು ಮೊದಲಿನಷ್ಟೇ ಇಡಬೇಕು. ನಿಮ್ಮ ಸಮಯಕ್ಕೆ ಕೂಲಿ ಹಾಕಿದರೆ ಪಿಸ್ತೂಲ್ ಗುಂಡಿನ ಲೆಕ್ಕ ಹೆಚ್ಚಾಗಿ ತಲೆಕೆಳಗಾಗುತ್ತದೆ. ಸಂಜೆ ಒಂದು ಗಂಟೆ ಪ್ರೆಸ್ ಮುಂದೆ ಕೂರುವುದು ನಿಮಗೆ ಖುಷಿ ಕೊಡುವುದಾದರೆ ಮಾತ್ರ ಇದಕ್ಕೆ ಬನ್ನಿ.

ತಪ್ಪಾಗಿ ತುಂಬಿದ ಗುಂಡನ್ನು ಏನು ಮಾಡಲಿ?

ಅನುಮಾನ ಬಂದ ಗುಂಡನ್ನು ಹೊಡೆದು ನೋಡಬೇಡಿ, ಬಿಚ್ಚಿ. ಇದಕ್ಕೆ ಸುತ್ತಿಗೆಯ ಆಕಾರದ ಪುಲ್ಲರ್ ಸಿಗುತ್ತದೆ. ಗುಂಡನ್ನು ಅದರೊಳಗೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಗಟ್ಟಿ ಮರದ ದಿಮ್ಮಿಯ ಮೇಲೆ ಎರಡು ಮೂರು ಸಲ ಬಡಿದರೆ ಬುಲೆಟ್ ಮತ್ತು ಪೌಡರ್ ಅದರ ಹೊಟ್ಟೆಯೊಳಗೆ ಬೀಳುತ್ತವೆ. ರಿಮ್‌ಫೈರ್ ಗುಂಡಿಗೆ ಇದನ್ನು ಬಳಸಬಾರದು. ಬುಲೆಟ್ ಮತ್ತೆ ಬಳಸಬಹುದು, ಪ್ರೈಮರ್ ಇರುವ ಕೇಸನ್ನೂ ಬಳಸಬಹುದು. ಹೊರಬಂದ ಪೌಡರ್ ಯಾವ ಡಬ್ಬದ್ದು ಅಂತ ನೂರಕ್ಕೆ ನೂರು ಗೊತ್ತಿದ್ದರೂ ಅದನ್ನು ವಾಪಸ್ ಸುರಿಯಬೇಡಿ. ಕೆಲವು ಗ್ರೇನ್ ಉಳಿಸಲು ಹೋಗಿ ಇಡೀ ಡಬ್ಬಕ್ಕೆ ಕಸ ಬೆರೆಯುತ್ತದೆ. ತೆರೆದ ಬಯಲಲ್ಲಿ, ಬರೀ ನೆಲದ ಮೇಲೆ, ತೆಳುವಾಗಿ ಹರಡಿ, ದೂರದಿಂದ ಕಿಡಿ ಮುಟ್ಟಿಸಿ ಸುಟ್ಟುಬಿಡಿ.